ಹಾರ್ಲಿಕ್ಸ್ ಬಾಟಲಿಯ ನಾಲ್ಕು ಕ್ಯಾಪ್ಸೂಲು

ಹಲಸಿನ ಹಪ್ಪಳದ ಅಳತೆಯನ್ನು ಈ ಸಂಚಿಕೆಯಲ್ಲಿ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಓದುಗ ಸೋದರಿಯರು ಇನ್ನೊಂದು ಹದಿನೈದು ದಿನ ತಾಳಿಕೊಳ್ಳಬೇಕು. ಈ ನಡುವೆ ನಮ್ಮ ಮನೆಯಲ್ಲೇ ಒಂದು ಪ್ರಸಂಗ ನಡೆದುಹೋಯಿತು. ಅದನ್ನು ಹೇಳದೆ ಹಪ್ಪಳದ ಮಾತೆತ್ತಲು ಮನಸ್ಸು ಬರಲಿಲ್ಲ.

ನಿಮ್ಮ ಅಡಿಗೆಮನೆಯ ಕಪಾಟನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಸಾಸಿವೆ, ಮೆಂತ್ಯದ ಡಬ್ಬಿಗಳ ಹಿಂದೆ ಒಂದು ಮಾತ್ರೆ ಡಬ್ಬಿ ಇದ್ದೇ ಇರುತ್ತದೆ. ನಮ್ಮಲ್ಲಿ ಅದು ಖಾಲಿಯಾದ ಹಾರ್ಲಿಕ್ಸ್ ಬಾಟಲಿ. ತಲೆನೋವಿನ ಮಾತ್ರೆ, ನೆಗಡಿ ಮಾತ್ರೆ, ಯಾವಾಗಲೋ ಯಾರಿಗೋ ತಂದು ಅರ್ಧ ಉಳಿದ ಸ್ಟ್ರಿಪ್ಪುಗಳು. ಬಿಸಾಡಲು ಕೈ ಬಾರದು. ದುಡ್ಡು ಕೊಟ್ಟು ತಂದದ್ದಲ್ಲವೆ? ನಮ್ಮ ಕುಂದೂರಿನ ಕಡೆ ಮಳೆಗಾಲದಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಜ್ವರ ಬಂದರೆ, ಕರೆಂಟೂ ಇಲ್ಲದೆ, ಆಲೂರಿಗೆ ಹೋಗಲು ಬೆಳಗಿನ ಬಸ್ಸನ್ನೇ ಕಾಯಬೇಕಾದಾಗ, ಆ ಬಾಟಲಿಯೇ ನಮ್ಮ ಪಾಲಿನ ಆಸ್ಪತ್ರೆ. ಹಾಗೆಂದು ನಾನೂ ನಂಬಿಕೊಂಡಿದ್ದೆ. ಅಕ್ಕಪಕ್ಕದವರು ಬಂದು ಕೇಳಿದರೆ ಕೊಟ್ಟು, ಒಳ್ಳೆಯ ಹೆಸರನ್ನೂ ಸಂಪಾದಿಸಿಕೊಂಡಿದ್ದೆ.

ತಂಗಿಯ ಮಗಳ ಬಾಣಂತನ ಈ ಸಲ ನಮ್ಮ ಮನೆಯಲ್ಲೇ ಆಯಿತು. ತಂಗಿಗೆ ಮೊಣಕಾಲು ನೋವು, ನೀರು ಕಾಯಿಸಿ ಹೊತ್ತು ಹಾಕುವುದು ಅವಳಿಂದಾಗದು. ಎಣ್ಣೆ, ನೀರು, ಮೆಣಸಿನ ಸಾರು, ಬೆಳ್ಳುಳ್ಳಿ ಎಲ್ಲ ಕ್ರಮವಾಗಿಯೇ ನಡೆದಿತ್ತು. ನಮ್ಮ ಅತ್ತೆಯವರ ಕಾಲದ ಇನ್ನೊಂದು ಕ್ರಮವನ್ನೂ ನಾನು ಬಿಟ್ಟಿರಲಿಲ್ಲ: ಬಾಣಂತಿಗೆ ಹೆಚ್ಚು ನೀರು ಕೊಡಬಾರದು, ಹೊಟ್ಟೆ ಬರುತ್ತೆ, ಮೈ ಊದುತ್ತೆ ಅನ್ನುವುದು. ಪಾಪ, ಹುಡುಗಿ "ದೊಡ್ಡಮ್ಮಾ, ಬಾಯಿ ಒಣಗ್ತಿದೆ" ಅಂದರೆ ಅರ್ಧ ಲೋಟ ಬಿಸಿನೀರು ಕೊಟ್ಟು ಸುಮ್ಮನಾಗಿಸುತ್ತಿದ್ದೆ.

ಇಪ್ಪತ್ತನೆಯ ದಿನವೋ ಏನೋ, ಉರಿಮೂತ್ರ ಶುರುವಾಯಿತು. ಘಳಿಗೆಗೊಮ್ಮೆ ಹೋಗಬೇಕು, ಹೋದರೆ ನಾಲ್ಕು ತೊಟ್ಟು, ಕಣ್ಣಲ್ಲಿ ನೀರು. ಇಂಥದ್ದನ್ನು ಹೇಳಿಕೊಳ್ಳಲು ನಮ್ಮ ಹೆಣ್ಣುಮಕ್ಕಳಿಗೆ ಎಷ್ಟು ಸಂಕೋಚವೆಂಬುದು ನಿಮಗೇ ಗೊತ್ತು. ಅವಳು ಹೇಳುವ ಹೊತ್ತಿಗೆ ಎರಡು ದಿನವಾಗಿತ್ತು. ನಾನು ಬಾಟಲಿ ತೆಗೆದೆ. ನಮ್ಮ ಯಜಮಾನರ ಕಾಲಿಗೆ ಕತ್ತಿ ತಗುಲಿದಾಗ ಕೊಟ್ಟಿದ್ದ ಕ್ಯಾಪ್ಸೂಲಿನಲ್ಲಿ ನಾಲ್ಕು ಉಳಿದಿದ್ದವು. ಗಾಯ ಒಣಗಿತೆಂದು ಅವರು ನಡುವೆಯೇ ನಿಲ್ಲಿಸಿದ್ದರು. "ಇದು ಒಳ್ಳೆ ಪವರ್ ಮಾತ್ರೆ ಕಣೆ, ತಗೋ" ಎಂದು ಎರಡು ದಿನ ಬೆಳಿಗ್ಗೆ ಸಂಜೆ ಕೊಟ್ಟೆ. ಉರಿ ಇಳಿಯಿತು. ಮೂರು ದಿನ ಬಿಟ್ಟು ಮತ್ತೆ ಬಂತು. ಈ ಸಲ ಯಜಮಾನರು ಪೇಟೆಗೆ ಹೋದವರು ಒಂದು ಮೆಡಿಕಲ್ ಅಂಗಡಿಯಲ್ಲಿ "ಉರಿಮೂತ್ರಕ್ಕೆ ಏನಾದ್ರೂ ಕೊಡಿ" ಎಂದು ಕೇಳಿ, ಚೀಟಿಯಿಲ್ಲದೆಯೇ ಮೂರು ದಿನದ ಬೇರೊಂದು ಮಾತ್ರೆ ತಂದರು. ಅದಕ್ಕೂ ಇಳಿಯಿತು. ನಾನು ಗೆದ್ದೆ ಎಂದುಕೊಂಡೆ.

ವಾರ ಕಳೆದಿರಲಿಲ್ಲ. ಒಂದು ಸಂಜೆ ಹುಡುಗಿಗೆ ಚಳಿ ಹತ್ತಿತು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಸೊಂಟದ ಮೇಲೆ ಒಂದು ಪಕ್ಕೆ ಮುಟ್ಟಿದರೆ ಚೀರುತ್ತಿದ್ದಳು. ಮಗು ಒಂದು ಕಡೆ ಅಳು. ರಾತ್ರಿಯೇ ಜೀಪು ಮಾಡಿಕೊಂಡು ಹಾಸನಕ್ಕೆ ಹೋದೆವು.

ಮೂತ್ರಕೋಶದಲ್ಲಿದ್ದ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ ತಗುಲಿತ್ತು. ಲೇಡಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ "ಏನೇನು ಮಾತ್ರೆ ಕೊಟ್ಟಿದ್ದೀರಮ್ಮಾ?" ಎಂದು. ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂತ್ರವನ್ನು ಕಲ್ಚರಿಗೆ ಕಳಿಸಿ, ಇಂಜೆಕ್ಷನ್ ಶುರುಮಾಡಿದರು. ಆ ಇಂಜೆಕ್ಷನ್ನಿಗೆ ಜ್ವರ ಜಗ್ಗಲಿಲ್ಲ. ಮೂರನೆಯ ದಿನ ವರದಿ ಬಂತು.

ಆ ಕಾಗದವನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಮೇಲೆ ರೋಗಾಣುವಿನ ಹೆಸರು: ಇ. ಕೋಲಿ. ನಮ್ಮೆಲ್ಲರ ಕರುಳಿನಲ್ಲೂ ಇರುವಂಥದ್ದೇ, ಅಲ್ಲಿರುವಾಗ ಸಾಮಾನ್ಯವಾಗಿ ತಂಟೆ ಮಾಡದು, ಮೂತ್ರದ ದಾರಿಗೆ ಬಂದರೆ ರೋಗ. ಕೆಳಗೆ ಸಾಲಾಗಿ ಔಷಧಿಗಳ ಹೆಸರು, ಪ್ರತಿಯೊಂದರ ಮುಂದೆ ಒಂದು ಅಕ್ಷರ. 'ಎಸ್' ಎಂದಿದ್ದರೆ ರೋಗಾಣು ಆ ಔಷಧಿಗೆ ಬಗ್ಗುತ್ತದೆ. 'ಆರ್' ಎಂದಿದ್ದರೆ ಬಗ್ಗುವುದಿಲ್ಲ. ಆಂಪಿಸಿಲಿನ್ ಆರ್. ಕೋಟ್ರೈಮಾಕ್ಸಜೋಲ್ ಆರ್. ಸಿಪ್ರೋಫ್ಲಾಕ್ಸಸಿನ್ ಆರ್. ಸೆಫಿಕ್ಸೀಮ್ ಆರ್. ಮೊದಲ ದಿನದಿಂದ ಕೊಡುತ್ತಿದ್ದ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೂ ಆರ್. ಇಂಗ್ಲಿಷು ಅಷ್ಟಾಗಿ ಬಾರದ ನನ್ನ ತಂಗಿ ಕೂಡ ಬೆರಳಿಟ್ಟು ಎಣಿಸಿದಳು, "ಇಷ್ಟೊಂದು ಆರ್ ಯಾಕಕ್ಕಾ?" ಅಂತ.

'ಎಸ್' ಇದ್ದದ್ದು ಬೆರಳೆಣಿಕೆಯಷ್ಟಕ್ಕೆ. ಅದರಲ್ಲಿ ಒಂದು ನೈಟ್ರೋಫ್ಯುರಾಂಟಾಯಿನ್ ಎಂಬ ಮಾತ್ರೆ. 1953ರಿಂದ ಬಳಕೆಯಲ್ಲಿರುವ ಹಳೆಯ ಔಷಧಿ. ಆದರೆ ಅದು ಮೂತ್ರಕೋಶದ ಸೋಂಕಿಗಷ್ಟೇ ಸರಿ. ಮೂತ್ರಪಿಂಡಕ್ಕೆ ಏರಿದ ಮೇಲೆ ಅದರಿಂದ ಪ್ರಯೋಜನವಿಲ್ಲ. "ಮೊದಲೇ ಬಂದಿದ್ದರೆ ಇದರಲ್ಲೇ ಮುಗೀತಿತ್ತು" ಎಂದರು ಡಾಕ್ಟರು. ಉಳಿದದ್ದು ಮೆರೊಪೆನೆಮ್. ದಿನಕ್ಕೆ ಮೂರು ಸಲ ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್. ಹತ್ತು ದಿನ ಆಸ್ಪತ್ರೆಯಲ್ಲೇ ಇದ್ದೆವು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ಆ ವರ್ಷದ ಮೆಣಸು ಮಾರಿದ ದುಡ್ಡು ಅಲ್ಲಿಗೆ ಸಂದಿತು. ದುಡ್ಡಿನ ಮಾತು ಹೋಗಲಿ. "ಇದಕ್ಕೂ ಆರ್ ಬಂದಿದ್ರೆ?" ಎಂದು ನಾನು ಕೇಳಿದಾಗ ಆ ಡಾಕ್ಟರು ಕೂಡಲೇ ಉತ್ತರ ಹೇಳಲಿಲ್ಲವಲ್ಲ, ಅದು ಮಾತ್ರ ಇನ್ನೂ ಮರೆತಿಲ್ಲ.

ನನ್ನ ನಾಲ್ಕು ಕ್ಯಾಪ್ಸೂಲಿನಿಂದಲೇ ಇದೆಲ್ಲ ಆಯಿತೆ? ಬಿಡುವಾಗಿದ್ದಾಗ ಅವರನ್ನೇ ಕೇಳಿದೆ. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಔಷಧಿಗೆ ಬಗ್ಗದ ರೋಗಾಣು ಅವಳ ಕರುಳಿನಲ್ಲಿ ಮೊದಲೇ ನಾಲ್ಕಾರು ಇದ್ದಿರಬಹುದು. ಲಕ್ಷಗಟ್ಟಲೆ ಸಾಧು ರೋಗಾಣುಗಳ ನಡುವೆ ಅವಕ್ಕೆ ತಲೆಯೆತ್ತಲು ಜಾಗವಿರಲಿಲ್ಲ. ನಾನು ಕೊಟ್ಟ ಕ್ಯಾಪ್ಸೂಲು ಸಾಧುಗಳನ್ನು ಕೊಂದು, ಪುಂಡರಿಗೆ ಗದ್ದೆಯನ್ನೇ ಬಿಟ್ಟುಕೊಟ್ಟಿತು. ಎರಡನೆಯ ಮಾತ್ರೆ ಉಳಿದವನ್ನೂ ಸವರಿತು. ಉರಿ ಇಳಿದದ್ದು ನಿಜ, ಆದರೆ ಬೇರು ಹೋಗಿರಲಿಲ್ಲ.

ಮನುಷ್ಯನ ಮೈ ಔಷಧಿಗೆ 'ಒಗ್ಗಿಹೋಗಿದೆ' ಎಂದು ನಾವು ಮಾತನಾಡಿಕೊಳ್ಳುವುದುಂಟಷ್ಟೆ. ಅದು ತಪ್ಪು ತಿಳಿವಳಿಕೆ. ಒಗ್ಗುವುದು ನಮ್ಮ ಮೈಯಲ್ಲ, ರೋಗಾಣು. ಹಾಗಾಗಿಯೇ, ಜನ್ಮದಲ್ಲಿ ಆ ಮಾತ್ರೆ ನುಂಗದವರಿಗೂ ಅಂಥ ರೋಗಾಣು ಅಂಟಿದರೆ ಆ ಮಾತ್ರೆ ಕೆಲಸಕ್ಕೆ ಬಾರದು. ಸಾಲದ್ದಕ್ಕೆ ಈ ಪುಂಡತನವನ್ನು ಒಂದು ರೋಗಾಣು ಇನ್ನೊಂದು ಜಾತಿಯ ರೋಗಾಣುವಿಗೂ ದಾಟಿಸಬಲ್ಲದು. ಒಂದು ಚಮಚ ಹೆಪ್ಪು ಪಾತ್ರೆ ಹಾಲನ್ನೆಲ್ಲ ಮೊಸರು ಮಾಡುವುದಿಲ್ಲವೆ, ಹೆಚ್ಚುಕಡಿಮೆ ಹಾಗೆ. ಕೆಲವು ರೋಗಾಣುಗಳು ಔಷಧಿಯನ್ನು ಕತ್ತರಿಸಿ ಹಾಕುವ ರಸವನ್ನು ತಯಾರಿಸಿಕೊಳ್ಳುತ್ತವೆ. ಇನ್ನು ಕೆಲವು ಒಳಗೆ ಬಂದ ಔಷಧಿಯನ್ನು, ತೂತುಬಿದ್ದ ದೋಣಿಯಿಂದ ನೀರು ಮೊಗೆದು ಚೆಲ್ಲುವಂತೆ, ಹೊರಗೆ ಚೆಲ್ಲುತ್ತಲೇ ಇರುತ್ತವೆ.

ನಮ್ಮ ಆಲೂರು, ಸಕಲೇಶಪುರದ ಕಡೆಯವರಿಗೆ ಇದು ಹೊಸ ಕಥೆಯಲ್ಲ. ಕಾಫಿ ಗಿಡದ ಎಲೆ ತುಕ್ಕನ್ನು ನೋಡಿದವರು ನಾವು. 1911ರಲ್ಲಿ ಕೆಂಟ್ ಎಂಬ ಪ್ಲಾಂಟರು ಮೈಸೂರು ಸೀಮೆಯ ತೋಟವೊಂದರಲ್ಲಿ ತುಕ್ಕು ಹತ್ತದ ಗಿಡವೊಂದನ್ನು ಗುರುತಿಸಿದರು. ಎಲ್ಲರೂ ಅದರ ಬೀಜವನ್ನೇ ಹಾಕಿದರು. ನಮ್ಮ ಹಿರಿಯರ ಬಾಯಲ್ಲಿ ಅದು 'ಕೆಂಟ್ಸ್'. ಕೆಲವು ವರ್ಷಗಳಲ್ಲಿ ಕೆಂಟ್ಸಿಗೂ ತುಕ್ಕು ಬಂತು. ಗಿಡವೇನೂ ಬದಲಾಗಿರಲಿಲ್ಲ, ಬದಲಾದದ್ದು ತುಕ್ಕು. ಇದೇ ತುಕ್ಕಿನಲ್ಲಿ ಬೇರೆ ಬೇರೆ ಒಳಜಾತಿಗಳಿವೆ, ಒಂದಕ್ಕೆ ಜಗ್ಗದ ಗಿಡ ಇನ್ನೊಂದಕ್ಕೆ ಸೋಲುತ್ತದೆ ಎಂಬುದನ್ನು 1930ರ ದಶಕದಲ್ಲಿ ಮೊದಲು ತೋರಿಸಿಕೊಟ್ಟದ್ದು ಪಕ್ಕದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿದ್ದ ಮೇನ್ ಎಂಬ ವಿಜ್ಞಾನಿ. ಅಲ್ಲಿಂದಲೇ 1940ರ ದಶಕದಲ್ಲಿ ನಮ್ಮೆಲ್ಲರ ತೋಟದ ಎಸ್. 795 ಬಂತು. ಅದರ ಬಲವೂ ಕಾಲಕ್ರಮೇಣ ಕುಂದಿತು. ಈಗ ಮಳೆಗೆ ಮೊದಲು, ಮಳೆ ಬಿಟ್ಟ ಮೇಲೆ ಬೋರ್ಡೋ ಹೊಡೆಯದೆ ಗತಿಯಿಲ್ಲ. ತುಕ್ಕು ಬೂಷ್ಟಿನ ಜಾತಿ, ಉರಿಮೂತ್ರದ್ದು ಬ್ಯಾಕ್ಟೀರಿಯಾ. ಜಾತಿ ಬೇರೆಯಾದರೂ ಬುದ್ಧಿ ಒಂದೇ. ತೋಟದಲ್ಲಿ ಇಷ್ಟೆಲ್ಲ ಅರ್ಥ ಮಾಡಿಕೊಂಡ ನಾವು ಅಡಿಗೆಮನೆಯಲ್ಲಿ ಯಾಕೆ ಮಂಕಾದೆವೋ!

ಪೆನಿಸಿಲಿನ್ ಕಂಡುಹಿಡಿದ ಅಲೆಗ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಬಹುಮಾನ ಪಡೆದಾಗ ಮಾಡಿದ ಉಪನ್ಯಾಸದಲ್ಲಿ ಒಂದು ಸಂಸಾರದ ಕಥೆ ಬರುತ್ತದೆ. ಊಹೆಯ ಕಥೆಯೇ. ಒಬ್ಬ ಗಂಡನಿಗೆ ಗಂಟಲು ನೋವು. ಅಂಗಡಿಯಿಂದ ತಾನೇ ಪೆನಿಸಿಲಿನ್ ತಂದು, ಸಾಕಾಗುವಷ್ಟು ತೆಗೆದುಕೊಳ್ಳದೆ, ರೋಗಾಣುವನ್ನು ಕೊಲ್ಲುವ ಬದಲು ಪಳಗಿಸಿಬಿಡುತ್ತಾನೆ. ಪಳಗಿದ ರೋಗಾಣು ಹೆಂಡತಿಗೆ ಅಂಟುತ್ತದೆ. ಅವಳಿಗೆ ನ್ಯುಮೋನಿಯಾ. ಪೆನಿಸಿಲಿನ್ ಕೊಟ್ಟರೂ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಪೆನಿಸಿಲಿನ್ ಆಗಿನ್ನೂ ಜನರ ಕೈಗೆ ಸರಿಯಾಗಿ ಸಿಕ್ಕಿರಲೇ ಇಲ್ಲ. ಆಗಲೇ ಆ ಮನುಷ್ಯ ಇದನ್ನು ಹೇಳಿದ್ದ. ತಪ್ಪು ಮಾಡಿದವನು ಗಂಡ, ಅನುಭವಿಸಿದವಳು ಹೆಂಡತಿ ಎಂಬುದನ್ನು ನಮ್ಮ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ! ನಮ್ಮ ಮನೆಯಲ್ಲಿ ಮಾತ್ರ ತಪ್ಪಿನಲ್ಲಿ ನನ್ನ ಪಾಲೇ ದೊಡ್ಡದು.

ಘಟ್ಟದಾಚೆಯ ಕಲ್ಲಿಕೋಟೆಯಲ್ಲಿ 1972ರಲ್ಲಿ ವಿಷಮಶೀತ ಜ್ವರ ಹಬ್ಬಿತು. ಈಗ ಎಲ್ಲರೂ ಟೈಫಾಯ್ಡ್ ಎನ್ನುವುದು ಅದನ್ನೇ. ಆ ಕಾಲಕ್ಕೆ ಅದಕ್ಕೆ ರಾಮಬಾಣ ಎಂದರೆ ಕ್ಲೋರಾಂಫೆನಿಕಾಲ್. ಆ ಸಲ ಅದು ಕೆಲಸ ಮಾಡಲಿಲ್ಲ. ಮುಂದೆ ಒಂದರ ಹಿಂದೊಂದು ಔಷಧಿ ಬಂದವು, ಒಂದರ ಹಿಂದೊಂದು ಸೋತವು. ಆದರೆ ಈ ಕಥೆಗೆ ಒಂದು ತಿರುವಿದೆ. ಹತ್ತಾರು ವರ್ಷ ಕ್ಲೋರಾಂಫೆನಿಕಾಲನ್ನು ಹೆಚ್ಚಾಗಿ ಬಳಸದೆ ಬಿಟ್ಟದ್ದರಿಂದ, ನಮ್ಮ ದೇಶದ ಟೈಫಾಯ್ಡ್ ರೋಗಾಣುಗಳಲ್ಲಿ ಹೆಚ್ಚಿನವು ಈಗ ಮತ್ತೆ ಅದಕ್ಕೆ ಬಗ್ಗುತ್ತಿವೆ. ಉಳುಮೆ ಮಾಡದೆ ಬೀಳು ಬಿಟ್ಟ ಗದ್ದೆ ಸತ್ವ ತುಂಬಿಕೊಂಡ ಹಾಗೆ. ಹಾಗೆಂದು ಅದನ್ನು ಮನಬಂದಂತೆ ಕೊಡುವ ಹಾಗಿಲ್ಲ. ಅಪರೂಪಕ್ಕೆ ಮೂಳೆಯೊಳಗಿನ ರಕ್ತ ತಯಾರಿಕೆಯನ್ನೇ ಕೆಡಿಸುವ ಗುಣ ಅದಕ್ಕಿದೆ.

'ಹಳೆಯದು ಸೋತರೆ ಹೊಸದು ಕಂಡುಹಿಡೀತಾರೆ ಬಿಡಿ' ಎಂದು ನಮ್ಮ ಯಜಮಾನರು ಆಸ್ಪತ್ರೆಯ ಜಗಲಿಯಲ್ಲಿ ಕೂತು ಹೇಳಿದರು. ನಾನೂ ಹಾಗೇ ಎಂದುಕೊಂಡಿದ್ದೆ. ಊರಿಗೆ ಬಂದ ಮೇಲೆ ಓದಿ, ವಿಚಾರಿಸಿ ತಿಳಿದದ್ದು ಬೇರೆ.

ಮೊದಲ ಮಳೆಗೆ ಮಣ್ಣಿನಿಂದ ಏಳುವ ಘಮ ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕೆ? ಆ ವಾಸನೆಯನ್ನು ಉಂಟುಮಾಡುವುದು ಮಣ್ಣಿನಲ್ಲಿರುವ ಸ್ಟ್ರೆಪ್ಟೋಮೈಸಿಸ್ ಎಂಬ ಸೂಕ್ಷ್ಮಜೀವಿಗಳ ಬಳಗ. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದಲ್ಲಿ ಸಿಕ್ಕಿದ್ದು ಅದೇ ಬಳಗದಿಂದ. ಆಮೇಲೆ ಜಗತ್ತಿನ ವಿಜ್ಞಾನಿಗಳೆಲ್ಲ ಊರೂರ ಮಣ್ಣನ್ನು ಜರಡಿ ಹಿಡಿದರು. ನಮ್ಮ ಸರ್ಕಾರ ಪುಣೆಯ ಹತ್ತಿರ ಪಿಂಪ್ರಿಯಲ್ಲಿ 1954ರಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆ ಕಟ್ಟಿತು. ಅಲ್ಲಿ ಸಂಶೋಧನೆ ನಡೆಸಿದವರಲ್ಲಿ ಪ್ರಮುಖರು ನಮ್ಮ ಮೈಸೂರು ಕಡೆಯ ಎಂ. ಜೆ. ತಿರುಮಲಾಚಾರ್. ಗಿಡಗಳ ತುಕ್ಕು ರೋಗದ ಅಧ್ಯಯನದಿಂದ ಹೆಸರಾದವರು. ಪಿಂಪ್ರಿಯ ಮಣ್ಣಿನ ಜೀವಿಯಿಂದಲೇ ಹ್ಯಾಮೈಸಿನ್ ಎಂಬ ಬೂಷ್ಟುನಿವಾರಕ ಔಷಧಿಯನ್ನು ಅಲ್ಲಿ ಕಂಡುಹಿಡಿದರು. ಆ ಕಾಲದಲ್ಲಿ ಸುಲಭವಾಗಿ ಸಿಗುವಂಥವು ಬೇಗ ಬೇಗ ಸಿಕ್ಕಿದವು. ತಗ್ಗಿನ ಕೊಂಬೆಯ ಹಣ್ಣು ಕೊಯ್ದ ಮೇಲೆ ಮೇಲಿನ ಕೊಂಬೆಗೆ ಏಣಿ ಬೇಕಲ್ಲ, ಈಗ ಆ ಸ್ಥಿತಿ.

ಏಣಿ ಹಾಕಲು ದುಡ್ಡು ಬೇಕು, ದುಡ್ಡು ಹಾಕುವವರಿಗೆ ಲಾಭ ಕಾಣುವುದಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಯಾದರೆ ರೋಗಿ ಬದುಕಿರುವಷ್ಟು ಕಾಲ ಕೊಳ್ಳುತ್ತಾನೆ. ಆಂಟಿಬಯಾಟಿಕ್ ಐದೋ ಏಳೋ ದಿನದ ವ್ಯಾಪಾರ. ಹೊಸದಾದರಂತೂ ಡಾಕ್ಟರುಗಳು ಅದನ್ನು ಕೊನೆಯ ಗಳಿಗೆಗೆಂದು ಎತ್ತಿಡುತ್ತಾರೆ, ಎತ್ತಿಡಲೂಬೇಕು. ಅಮೆರಿಕದ ಅಕಾವೊಜೆನ್ ಎಂಬ ಕಂಪನಿ ಕಷ್ಟಪಟ್ಟು ಮೂತ್ರದ ಸೋಂಕಿಗೊಂದು ಹೊಸ ಔಷಧಿ ತಂದು 2018ರಲ್ಲಿ ಒಪ್ಪಿಗೆ ಪಡೆಯಿತು. 2019ರಲ್ಲಿ ದಿವಾಳಿಯೆದ್ದಿತು. ಔಷಧಿ ಗೆದ್ದಿತು, ಮಾಡಿದವರು ಸೋತರು. ಬೆಂಗಳೂರಿನಲ್ಲೇ ಅಸ್ಟ್ರಾಜೆನೆಕಾ ಕಂಪನಿ ಕ್ಷಯ, ಮಲೇರಿಯಾಗಳಿಗೆ ಔಷಧಿ ಹುಡುಕುತ್ತಿದ್ದ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ 2014ರಲ್ಲಿ ಹೇಳಿತು. ಅಲ್ಲಿ ಪಳಗಿದ ಕೆಲವು ವಿಜ್ಞಾನಿಗಳು ಸುಮ್ಮನೆ ಕೂರಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಗ್‌ವರ್ಕ್ಸ್ ಎಂಬ ಸಣ್ಣ ಸಂಸ್ಥೆ ಶುರುವಾಯಿತು. ಔಷಧಿಯನ್ನು ಹೊರಗೆ ಚೆಲ್ಲುವ ರೋಗಾಣುಗಳ ಮಾತು ಹೇಳಿದೆನಲ್ಲ, ಹಾಗೆ ಚೆಲ್ಲಿಸಿಕೊಳ್ಳದೆ ಒಳಗೇ ನಿಂತು ಕೆಲಸ ಮಾಡುವ ಮದ್ದನ್ನು ರೂಪಿಸುವುದು ಅವರ ಪ್ರಯತ್ನ. ಅವರ ಒಂದು ಮದ್ದು ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆಯವರೆಗೆ ಬಂದಿದೆ. ಅಂಗಡಿಗೆ ಬರುವುದಕ್ಕೆ ಇನ್ನೂ ಹಲವು ಹಂತ ದಾಟಬೇಕು.

ಚೆನ್ನೈನ ಆರ್ಕಿಡ್ ಕಂಪನಿಯವರು ಕಂಡುಹಿಡಿದ ಎನ್‌ಮೆಟಜೊಬ್ಯಾಕ್ಟಮ್, ಇನ್ನೊಂದು ಹಳೆಯ ಔಷಧಿಯ ಜೊತೆಗೂಡಿ, 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ರೋಗಾಣುವಿನ ಆ 'ಕತ್ತರಿ'ಯನ್ನೇ ಕಟ್ಟಿಹಾಕುವುದು ಅದರ ಕೆಲಸ. ಒಪ್ಪಿಗೆ ಸಿಕ್ಕಿದ್ದು ಯಾವ ಕಾಯಿಲೆಗೆ ಅಂತೀರಿ? ನಮ್ಮ ಹುಡುಗಿಗೆ ಬಂದದ್ದಕ್ಕೇ, ಮೂತ್ರಪಿಂಡದವರೆಗೆ ಹೋದ ಸೋಂಕಿಗೆ. ಮುಂದಿನ ವರ್ಷ, 2025ರ ಮಾರ್ಚಿನಲ್ಲಿ, ಹೆಂಗಸರ ಸಾಮಾನ್ಯ ಉರಿಮೂತ್ರಕ್ಕೆ ಜೆಪೊಟಿಡಾಸಿನ್ ಎಂಬ ಹೊಚ್ಚ ಹೊಸ ಬಗೆಯ ಮಾತ್ರೆಗೆ ಅಲ್ಲಿ ಒಪ್ಪಿಗೆ ಸಿಕ್ಕಿತು. ಈ ಕಾಯಿಲೆಗೆ ಹೊಸ ಬಗೆಯ ಮಾತ್ರೆಯೊಂದು ಬಂದದ್ದು ಸುಮಾರು ಮೂವತ್ತು ವರ್ಷದ ಮೇಲೆ. ನನ್ನ ತಂಗಿಯ ಮಗಳು ಹುಟ್ಟುವುದಕ್ಕೂ ಮೊದಲಿನಿಂದ ಕಾದಂತಾಯಿತು. 2019ರ ಒಂದೇ ವರ್ಷದಲ್ಲಿ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12,70,000 ಜನ ಸತ್ತರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಇನ್ನು ನಮ್ಮ ಕೈಲಿರುವ ಮಾತಿಗೆ ಬರೋಣ. ಮುಖ್ಯವಾದದ್ದು ನೀರು. ಬಾಣಂತಿಗೆ ನೀರು ಕಡಿಮೆ ಮಾಡಬಾರದು. ಹಾಲುಣಿಸುವವಳಿಗೆ ಬೇರೆಯವರಿಗಿಂತ ಹೆಚ್ಚೇ ಬೇಕು. ಬಿಸಿನೀರೇ ಕೊಡಿ, ಜೀರಿಗೆ ಹಾಕಿ ಕುದಿಸಿಯೇ ಕೊಡಿ, ಆದರೆ ಬಾಯಾರಿದಾಗಲೆಲ್ಲ ಕೊಡಿ. ಹಿರಿಯರ ಎಲ್ಲ ಮಾತನ್ನೂ ಅಲ್ಲಗಳೆಯುವವಳಲ್ಲ ನಾನು. ಈ ಒಂದು ಮಾತನ್ನು ಮಾತ್ರ ಬಿಟ್ಟಿದ್ದೇನೆ.

ಎರಡನೆಯದು ಬರೆಯಲು ಸ್ವಲ್ಪ ಮುಜುಗರದ್ದು. ಹಣ್ಣು ಕುಯ್ಯುವ ಕಾಲದಲ್ಲಿ ತೋಟಕ್ಕೆ ಬರುವ ಹೆಣ್ಣಾಳುಗಳು ಬೆಳಗಿನಿಂದ ಸಂಜೆಯವರೆಗೆ ಸರಿಯಾಗಿ ನೀರು ಕುಡಿಯುವುದಿಲ್ಲ. ಯಾಕೆಂದು ನಮ್ಮ ತೋಟಕ್ಕೆ ಬರುವವಳನ್ನು ಕೇಳಿದೆ. "ಕುಡುದ್ರೆ ಹೋಗ್‌ಬೇಕಲ್ಲ ಅಮ್ಮಾವ್ರೇ, ಎಲ್ಲಿಗ್ ಹೋಗಾನ? ಗಂಡಾಳು, ರೈಟ್ರು ಎಲ್ಲಾ ಅಲ್ಲೇ ಇರ್ತಾರೆ" ಅಂದಳು. ಜಿಗಣೆ, ಹಾವಿನ ಭಯ ಬೇರೆ. ನೀರು ಕುಡಿಯದೆ, ಬಂದದ್ದನ್ನೂ ತಡೆದುಕೊಂಡು, ತಿಂಗಳಿಗೊಮ್ಮೆ ಉರಿಮೂತ್ರ, ತಿಂಗಳಿಗೊಮ್ಮೆ ಮೆಡಿಕಲ್ ಅಂಗಡಿಯ ಬಿಡಿ ಮಾತ್ರೆ. ತೋಟದ ಮನೆಗಳಲ್ಲಿ ಈ ಅಂಕಣ ಓದುವ ಸೋದರಿಯರಿದ್ದಾರೆಂದು ನನಗೆ ಬರುವ ಪತ್ರಗಳಿಂದ ಗೊತ್ತು. ಕಣದ ಹಿಂದೆಯೋ ಲೈನಿನ ಪಕ್ಕವೋ ಹೆಣ್ಣಾಳುಗಳಿಗೆಂದೇ ಬಾಗಿಲಿರುವ ಒಂದು ಕೋಣೆ, ಒಂದು ನಲ್ಲಿ ಮಾಡಿಸಿ. ಯಜಮಾನರು ಖರ್ಚು ಎಂದರೆ ಬೋರ್ಡೋ ಹೊಡೆಸುವ ಖರ್ಚನ್ನು ನೆನಪಿಸಿ. ನಮ್ಮಲ್ಲಿ ಈ ವರ್ಷ ಕಟ್ಟಿಸಿದ್ದೇವೆ. ತಡವಾಯಿತು, ನಿಜ.

ಉರಿಮೂತ್ರ ಶುರುವಾದರೆ ನಾಚಿಕೊಂಡು ಕೂರದೆ ಡಾಕ್ಟರ ಬಳಿ ಹೋಗಿ. ಗರ್ಭಿಣಿ, ಬಾಣಂತಿ, ಸಕ್ಕರೆ ಕಾಯಿಲೆಯವರು ಒಂದು ದಿನವೂ ಕಾಯಬಾರದು. ಜ್ವರ, ಚಳಿ, ಪಕ್ಕೆನೋವು ಸೇರಿಕೊಂಡರೆ ರಾತ್ರಿಯಾದರೂ ಹೊರಡಿ. ಮತ್ತೆ ಮತ್ತೆ ಬರುತ್ತಿದ್ದರೆ "ಕಲ್ಚರ್ ಮಾಡಿಸೋಣವೇ?" ಎಂದು ನೀವಾಗಿಯೇ ಕೇಳಿ. ಮಾತ್ರೆ ಶುರುಮಾಡುವ ಮೊದಲೇ ಮೂತ್ರ ಕೊಡಬೇಕು, ಆಮೇಲೆ ಕೊಟ್ಟರೆ ವರದಿ ಸರಿಬಾರದು. ಲ್ಯಾಬಿನವರೇ ಕೊಡುವ ಮುಚ್ಚಳದ ಡಬ್ಬಿಯಲ್ಲಿ, ತೊಳೆದುಕೊಂಡು, ಮೊದಲಿನದನ್ನು ಬಿಟ್ಟು ನಡುವಿನದನ್ನು ಹಿಡಿಯಬೇಕು. ಮನೆಯ ಉಪ್ಪಿನಕಾಯಿ ಬಾಟಲಿ ತೊಳೆದುಕೊಂಡು ಹೋದರೆ ಆಗದು. ಮನೆಯಲ್ಲೇ ಹಿಡಿದು ಬಸ್ಸಿನಲ್ಲಿ ಎರಡು ಮೂರು ಗಂಟೆ ಒಯ್ದರೆ ಅದರಲ್ಲೇ ರೋಗಾಣು ಬೆಳೆದುಬಿಡುತ್ತದೆ. ಅಲ್ಲೇ ಹೋಗಿ ಕೊಡುವುದು ಮೇಲು.

ನೆಗಡಿ, ಸಾಧಾರಣ ಫ್ಲೂ ಜ್ವರ ಬರುವುದು ವೈರಸ್ಸಿನಿಂದ. ಅದಕ್ಕೆ ಆಂಟಿಬಯಾಟಿಕ್ ಏನೂ ಮಾಡಲಾರದು. "ಡಾಕ್ಟ್ರೇ, ಸ್ವಲ್ಪ ಪವರ್ ಮಾತ್ರೆ ಕೊಡಿ" ಎಂದು ದುಂಬಾಲು ಬೀಳುವ ನಮ್ಮಂಥವರಿಂದಲೇ ಎಷ್ಟೋ ಡಾಕ್ಟರುಗಳು ಬೇಡದ್ದನ್ನು ಬರೆದುಕೊಡುತ್ತಾರೆ. ಸ್ಟ್ರಿಪ್ಪಿನ ಬೆನ್ನಿಗೆ ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಸರ್ಕಾರ 2016ರಲ್ಲಿ ಪ್ರಚಾರವನ್ನೇ ನಡೆಸಿತ್ತು. ನನ್ನ ಬಾಟಲಿಯ ಆ ನಾಲ್ಕು ಕ್ಯಾಪ್ಸೂಲಿನ ಸ್ಟ್ರಿಪ್ಪಿನ ಮೇಲೂ ಆ ಗೆರೆ ಇತ್ತು. ಅಲಂಕಾರಕ್ಕೆಂದು ತಿಳಿದಿದ್ದೆ.

ಎಷ್ಟು ದಿನ ನುಂಗಬೇಕು? ಹಿಂದೆ ಎಲ್ಲದಕ್ಕೂ ವಾರ, ಹತ್ತು ದಿನ ಎನ್ನುತ್ತಿದ್ದರು. ಈಗ ಎಷ್ಟೋ ಕಾಯಿಲೆಗಳಿಗೆ ಮೂರು, ಐದು ದಿನವೇ ಸಾಕೆಂದು ಕಂಡುಕೊಂಡಿದ್ದಾರೆ. ಅದು ಡಾಕ್ಟರು ತೀರ್ಮಾನಿಸುವ ವಿಚಾರ. ಬರೆದಷ್ಟು ದಿನ ತೆಗೆದುಕೊಂಡರೆ ಡಬ್ಬಿಗೆ ಉಳಿಯುವುದೇ ಇಲ್ಲ.

ಡೈರಿಗೆ ಹಾಲು ಹಾಕುವವರಿಗೆ ಇನ್ನೊಂದು ಮಾತು. ಹಸುವಿಗೆ ಕೆಚ್ಚಲು ಬಾವು ಬಂದು ಟ್ಯೂಬು ಏರಿಸಿದಾಗ, ಅದರ ಮೇಲೆ ಬರೆದಿರುವಷ್ಟು ದಿನ ಆ ಹಾಲನ್ನು ಡೈರಿಗೂ ಹಾಕಬೇಡಿ, ಮನೆಗೂ ಬೇಡ, ಕರುವಿಗೂ ಬೇಡ. ಹಾಲಿನಲ್ಲಿ ಬಂದ ಚೂರುಪಾರು ಔಷಧಿ ಮಾಡುವುದೂ ನನ್ನ ನಾಲ್ಕು ಕ್ಯಾಪ್ಸೂಲು ಮಾಡಿದ್ದನ್ನೇ. ಕೋಳಿ ಸಾಕಣೆಯಲ್ಲಿ ಕೊಲಿಸ್ಟಿನ್ ಎಂಬ ಕಡೆಗಾಲದ ಔಷಧಿಯನ್ನು ಮೇವಿಗೆ ಬೆರೆಸುತ್ತಿದ್ದರು. ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ಅದನ್ನು ನಿಷೇಧಿಸಿತು.

ಹುಡುಗಿ ಈಗ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಮಗು ಮಗುಚಿಕೊಳ್ಳುತ್ತಿದೆಯಂತೆ. ಹೋಗುವ ದಿನ ತೊಟ್ಟಿಲು ಬಟ್ಟೆ ಕಟ್ಟುತ್ತಾ, "ದೊಡ್ಡಮ್ಮಾ, ನೀವು ಬೇಜಾರು ಮಾಡ್ಕೋಬೇಡಿ, ಒಳ್ಳೇದಕ್ಕೆ ಅಂತ ತಾನೇ ಕೊಟ್ಟಿದ್ದು" ಎಂದಳು. ಬೇರೆ ಯಾರಾದರೂ ಅಂದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಹಾರ್ಲಿಕ್ಸ್ ಬಾಟಲಿಯಲ್ಲಿ ಈಗ ಜ್ವರದ ಪ್ಯಾರಾಸಿಟಮಾಲ್, ಓ.ಆರ್.ಎಸ್. ಪೊಟ್ಟಣ, ಒಂದು ಸುತ್ತು ಬ್ಯಾಂಡೇಜು ಮಾತ್ರ ಇವೆ. ಮೊನ್ನೆ ಎದುರು ಮನೆಯ ಸೊಸೆ ಸಂಜೆ ಹೊತ್ತಿಗೆ ಬಂದು, ಸೆರಗು ಹಿಂಡುತ್ತಾ ನಿಂತಳು. "ಅಕ್ಕಾ, ಆವತ್ತು ಕೊಟ್ಟಿದ್ರಲ್ಲ, ಆ ಕೆಂಪು ಕ್ಯಾಪ್ಸೂಲು ಇದೆಯಾ?" ಇಲ್ಲವೆಂದೆ. ಅವಳ ಮುಖ ಸಣ್ಣದಾಯಿತು, ನಾನು ಕೊಡಲು ಮನಸ್ಸಿಲ್ಲದೆ ಹೇಳುತ್ತಿದ್ದೇನೆಂದುಕೊಂಡಳು. ಒಳಗೆ ಕರೆದು, ದೊಡ್ಡ ಲೋಟದಲ್ಲಿ ನೀರು ಕೊಟ್ಟು, ಆ ಆರ್ ಆರ್ ಆರ್ ಎಂದಿರುವ ಕಾಗದ ತೆಗೆದು ತೋರಿಸಿದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಆಲೂರಿಗೆ ಹೋಗಿಬಂದೆವು. ಅವಳ ವರದಿ ಗುರುವಾರ ಬರುತ್ತದೆ.

ಹಪ್ಪಳಕ್ಕೆ ಬಲಿತ, ಆದರೆ ಹಣ್ಣಾಗದ ಹಲಸನ್ನು ಈಗಲೇ ನೋಡಿಟ್ಟುಕೊಂಡಿರಿ.